ಬಾಣದ ಗುರುತು

ನಕಾಶೆಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಗೆರೆ.
ನೀಲಿ ಕೂಡ ಅಲ್ಲ, ಕಪ್ಪು.
ಪಕ್ಕದಲ್ಲಿ ಬರೆದಿತ್ತು: ಮಳೆನೀರು ಚರಂಡಿ, ಸಂಖ್ಯೆ ಏಳು.
ಉದ್ದ ಅಳೆಯಬೇಕು, ಅಗಲ ಅಳೆಯಬೇಕು,
ಮೇಲೆ ಚಪ್ಪಡಿ ಹಾಸಿದರೆ ಎಷ್ಟು ಸ್ಕೂಟರು ನಿಲ್ಲುತ್ತವೆ
ಲೆಕ್ಕ ಕೊಡಬೇಕು.
ಕೊನೆಗೆ, ನೀರು ಹರಿಯುವ ದಿಕ್ಕಿಗೆ
ಒಂದು ಬಾಣ.

ಭಟ್ಕಳದ ಹಳೇ ಪೇಟೆ ಇನ್ನೂ ಬಾಗಿಲು ತೆಗೆದಿರಲಿಲ್ಲ.
ಟೇಪಿನ ಆ ತುದಿಗೆ ಈರಯ್ಯ ಮೊಗೇರ, ಈ ತುದಿಗೆ ನಾನು.
ಹಳ್ಳ ಹುಟ್ಟುವುದು ಬಸದಿಯ ಬೆನ್ನಿಗೆ,
ಚಿರೆಕಲ್ಲಿನ ಒಂದು ಬಿರುಕಿನಲ್ಲಿ,
ನೆಗಡಿಯಾದ ಮಗುವಿನ ಮೂಗಿನ ಹಾಗೆ.
‘ಬರ್ಕೊಳ್ಳಿ,’ ಎಂದ ಈರಯ್ಯ, ‘ಅಗಲ ಒಂದು ಗೇಣು.’
ಗೇಣಿಗೆ ಫಾರಮಿನಲ್ಲಿ ಜಾಗವಿರಲಿಲ್ಲ.

ಹೆಸರಿಗೂ ಇರಲಿಲ್ಲ, ಒಳ್ಳೆಯದೇ ಆಯಿತು.
ಮೇಲಿನ ಕೇರಿಯವರು ಅದನ್ನು ಬಸದಿ ತೋಡು ಎನ್ನುತ್ತಾರೆ,
ಸಂಕ ದಾಟಿದರೆ ಅದು ಬರೀ ವ್ಹಾಳ್,
ಕೆಳಗೆ ದೋಣಿ ಕಟ್ಟುವಲ್ಲಿ ಕೇಳಿದರೆ
‘ಯಾವ ಹಳ್ಳ? ಇದು ನಮ್ಮ ಹೊಳೇದೇ ಬಾಲ.’

ಒಗೆಯುವ ಕಲ್ಲಿನ ಹತ್ತಿರ ಟೇಪು ಒದ್ದೆಯಾಯಿತು.
ಕಲ್ಲಿನ ತುಂಬ ಅಕ್ಷರ,
ಯಾರೋ ಯಾರಿಗೋ ಏನೋ ಬಿಟ್ಟುಕೊಟ್ಟದ್ದು,
ಸೂರ್ಯ ಚಂದ್ರ ಇರುವತನಕ ಎಂದು ಆಣೆ ಹಾಕಿದ್ದು.
ಸೂರ್ಯ ಸವೆದಿದ್ದಾನೆ. ಚಂದ್ರನಲ್ಲಿ ಸಾಬೂನಿನ ನೊರೆ.
ಗಣಪಿ ಮಡಿವಾಳ್ತಿ ಒಂದು ಲುಂಗಿ ಎತ್ತಿ ಬಡಿದು ಹೇಳಿದಳು:
‘ಓದೂಕೆ ಬರೂದಿಲ್ಲ ನಂಗೆ.
ಆದ್ರೆ ಅಕ್ಷರ ಇದ್ದಲ್ಲಿ ಕೊಳೆ ಬೇಗ ಬಿಡ್ತದೆ.’

ನಾನು ಹತ್ತನೇ ತರಗತಿಯಲ್ಲಿ ಓದಿದ್ದೆ:
ಅರಬ್ಬರ ಕುದುರೆಗಳು ಇಳಿದ ಬಂದರು ಇದು.
ಎರಡಂಕದ ಪ್ರಶ್ನೆ.
ಈಗ ಆ ಕುದುರೆಗಳು ನೀರು ಕುಡಿದದ್ದು ಎಲ್ಲಿ ಎಂದು
ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮೊದಲ ಸಲ ಯೋಚಿಸಿದೆ.
ಈರಯ್ಯ ಬೀಡಿ ಹಚ್ಚಿದ.

ಸಂಕದ ಪಕ್ಕ ಎತ್ತರದ ಮನೆ, ಮರದ ಜಾಲಂಧ್ರ.
ಅದರಾಚೆಯಿಂದ ಒಂದು ಮುದಿ ದನಿ:
‘ಎಂತ ಅಳೀತ್ರಿ?’
ಹೇಳಿದೆ. ಚಪ್ಪಡಿ, ಸ್ಕೂಟರು, ಬಾಣ.
ಮರಿಯಂಬಿ ಎಂದಂತೆ ಹೆಸರು. ಮುಖ ಕಾಣಲಿಲ್ಲ, ಬಳೆ ಕೇಳಿಸಿತು.
‘ಮುಚ್ಚಿ, ಬ್ಯಾಡ ಅನ್ನೂದಿಲ್ಲ, ಸೊಳ್ಳೆ ಕಾಟ ಉಂಟು.
ಆದ್ರೆ ನಿನ್ನೆ ಮುಡಿದ ಮಲ್ಲಿಗೆ
ಬೆಳಿಗ್ಗೆ ಈ ಕಿಟಕಿಯಿಂದ ಎಸೀತೇನೆ,
ಮಧ್ಯಾಹ್ನದ ಭರತಿಗೆ ಅದೇ ದಂಡೆ
ಮನೆ ಬುಡಕ್ಕೆ ವಾಪಸು ಬರ್ತದೆ.
ಅಷ್ಟು ಹೊತ್ತಿಗೆ ಸ್ವಲ್ಪ ಉಪ್ಪು ಹಿಡಿದಿರ್ತದೆ, ಅಷ್ಟೇ.
ಬಾಣ ಯಾವ ಕಡೆ ಹಾಕ್ತ್ರಿ?’

ಹನ್ನೆರಡೂವರೆಗೆ ನೀರು ನಿಂತಿತು.
ಅಂಗಡಿಗೆ ಹೊರಟವನು ಚೀಟಿ ಮರೆತು
ದಾರಿಯಲ್ಲಿ ನಿಲ್ಲುವ ಹಾಗೆ.
ಆಮೇಲೆ ತಿರುಗಿತು.
ಒಂಟಿ ಚಪ್ಪಲಿ, ಹಾಲಿನ ಪೊಟ್ಟಣ,
ಉಗುರಿನಷ್ಟು ಏಡಿಗಳು ಗೋಡೆ ಹಿಡಿದು,
ಕಣ್ಣು ಮಾತ್ರ ಕಾಣುವ ಮೀನುಮರಿ ಹಿಂಡು,
ಎಲ್ಲವೂ ಪೇಟೆಯೊಳಗೆ, ಮೇಲಕ್ಕೆ, ಬಸದಿಯ ಕಡೆಗೆ.
ಈ ಊರಿನಿಂದ ಸಮುದ್ರಕ್ಕೆ ಯಾವುದೋ ಹಳೇ ಬಾಕಿ ಇರಬೇಕು.
ದಿನಕ್ಕೆರಡು ಸಲ ವಸೂಲಿಗೆ ಬರುತ್ತದೆ,
ಬಾಗಿಲು ತಟ್ಟದೆ ಹೋಗುತ್ತದೆ.

ದಂಡೆಯೂ ಬಂತು.
ಕಿಟಕಿಯ ಕೆಳಗೆ ಒಂದು ಸುತ್ತು ಹಾಕಿ
ಮುಂದೆ ಹೋಗಿ
ಈರಯ್ಯನ ಕಾಲಿಗೆ ತೊಡರಿಕೊಂಡಿತು.
ಅವನು ಬಿಡಿಸಲಿಲ್ಲ. ‘ಹದಿನಾಲ್ಕು ಅಡಿ,’ ಎಂದ,
ಗಂಟಲು ಸರಿಮಾಡಿಕೊಂಡು.

ಸಂಜೆ ಕಚೇರಿಯಲ್ಲಿ ಕೂತು ಬರೆದೆ.
ಬಾಣಕ್ಕೆ ಎರಡು ತಲೆ.
ಸಾಹೇಬರು ಕನ್ನಡಕ ಏರಿಸಿದರು: ‘ಇದೇನ್ರೀ, ಹಾವೇ?
ಒಂದನ್ನು ಅಳಿಸಿ.’

ಅಳಿಸಿದೆ.
ಯಾವುದನ್ನು ಎಂದು ಅವರು ನೋಡಲಿಲ್ಲ, ರುಜು ಹಾಕಿದರು.
ಈಗ ಸರಕಾರದ ನಕಾಶೆಯಲ್ಲಿ
ಚರಂಡಿ ಸಂಖ್ಯೆ ಏಳು
ಅರಬ್ಬಿ ಸಮುದ್ರದಿಂದ ಹೊರಟು
ಬಸದಿಯ ಹಿಂದಿನ ಬಿರುಕಿಗೆ ಹೋಗಿ ಸೇರುತ್ತದೆ.

ಫೈಲು ಕಾರವಾರಕ್ಕೆ ಹೋಗಿ ಏಳು ತಿಂಗಳಾಯಿತು.
ಯಾವುದಾದರೂ ಭರತಿಗೆ
ವಾಪಸು ಬಂದೀತು.